ಎರಡು ಪದರದ ದನಿ

(ನವೆಂಬರ್ ತಿಂಗಳಲ್ಲಿ ಎಲೆಕ್ಟ್ರಾನಿಕ್ ಸಿಟಿಯ ಕಾರ್ಮಿಕರ ಎದುರು ನೀಡಿದ ದತ್ತಿ ಉಪನ್ಯಾಸದ ಪಾಠ)



ಈ ದತ್ತಿಯಲ್ಲಿ ವಚನಗಳ ಬಗ್ಗೆ, ದಾಸರ ಬಗ್ಗೆ, ಕುವೆಂಪು ಬೇಂದ್ರೆಯವರ ಬಗ್ಗೆ ಮಾತುಗಳಾಗಿವೆ. 1980ರ ಒಂದು ಹಿಂದಿ ಸಿನಿಮಾ ಹಾಡಿನ ಬಗ್ಗೆ ಮಾತಾಡುತ್ತೇನೆಂದು ನಾನು ಹೇಳಿದಾಗ ಈ ಸಭೆಯ ಅಧ್ಯಕ್ಷರು ಬೇಡ ಎನ್ನಲಿಲ್ಲ. "ನಮ್ಮವರಿಗೂ ಆ ಹಾಡಿಗೂ ಏನು ನಂಟು ಅಂತ ಮಾತ್ರ ಬಿಡಿಸಿ ಹೇಳಿ ಮೇಡಂ" ಎಂದರು. ನಂಟು ಇದೆ. ಅದು ಎರಡು ಕಡೆಯಿಂದ ಇದೆ. ಹಾಡು ಮಾಡಿದವರ ಕಡೆಯಿಂದ ಒಂದು, ಕೇಳಿದ ನಮ್ಮಂಥವರ ಕಡೆಯಿಂದ ಇನ್ನೊಂದು.

ಹಾಡು 'ಆಪ್ ಜೈಸಾ ಕೋಯಿ'. 1980ರ ಜೂನ್‌ನಲ್ಲಿ ತೆರೆಗೆ ಬಂದ 'ಕುರ್ಬಾನಿ' ಚಿತ್ರದ್ದು. ಬರೆದವರು ಇಂದೀವರ್. ಪರದೆಯ ಮೇಲೆ ಜೀನತ್ ಅಮಾನ್. ಹಾಡಿದವಳು ಕರಾಚಿಯಲ್ಲಿ ಹುಟ್ಟಿ ಲಂಡನ್ನಿನಲ್ಲಿ ಬೆಳೆಯುತ್ತಿದ್ದ ನಾಜಿಯಾ ಹಸನ್, ಆಗ 15ರ ಆಸುಪಾಸಿನ ಹುಡುಗಿ. ಚಿತ್ರದ ಉಳಿದ ಹಾಡುಗಳಿಗೆ ಕಲ್ಯಾಣ್‌ಜೀ-ಆನಂದ್‌ಜೀ ಸಂಗೀತ ಕೊಟ್ಟಿದ್ದರು. ಇದೊಂದಕ್ಕೆ ಮಾತ್ರ ಬೇರೆ ಹೆಸರು, ಬಿದ್ದು ಎಂದು. ಆ ಕಾಲದಲ್ಲಿ ನಾವೆಲ್ಲ ಅದು ಯಾವುದೋ ಬಿಳಿಯನ ಹೆಸರಿರಬೇಕು ಅಂದುಕೊಂಡಿದ್ದೆವು. ಪೂರ್ತಿ ಹೆಸರು ಬಿದ್ದು ಅಪ್ಪಯ್ಯ. ಕೊಡವರು. ಹುಟ್ಟಿದ್ದು ಬೆಂಗಳೂರಿನಲ್ಲಿ.

ಚಿತ್ರದ ನಿರ್ಮಾಪಕ, ನಿರ್ದೇಶಕ, ನಾಯಕ ಮೂರೂ ಆಗಿದ್ದ ಫಿರೋಜ್ ಖಾನ್ ಕೂಡ ಬೆಂಗಳೂರಿನಲ್ಲೇ ಹುಟ್ಟಿದವರು, 1939ರಲ್ಲಿ. ಓದಿದ್ದು ಬಿಷಪ್ ಕಾಟನ್ ಶಾಲೆಯಲ್ಲಿ. 2009ರಲ್ಲಿ ತೀರಿಕೊಂಡಿದ್ದೂ ಬೆಂಗಳೂರಿನಲ್ಲೇ, ಅವರ ತೋಟದ ಮನೆಯಲ್ಲಿ. ಹೊಸೂರು ರಸ್ತೆಯ ಖಬರಸ್ತಾನದಲ್ಲಿ ತಾಯಿಯ ಸಮಾಧಿಯ ಹತ್ತಿರ ಅವರನ್ನು ಮಣ್ಣು ಮಾಡಿದರು. ನೀವು ದಿನಾ ಬಸ್ಸಿನಲ್ಲಿ ಬರುವ ಈ ರಸ್ತೆಯೇ ಅದು. ಒಬ್ಬ ಬೆಂಗಳೂರಿಗ ಲಂಡನ್ನಿನಲ್ಲಿ ಇನ್ನೊಬ್ಬ ಬೆಂಗಳೂರಿಗನ ಕೈಯಲ್ಲಿ ಹಿಂದಿ ಹಾಡೊಂದನ್ನು ಮಾಡಿಸಿದರು. ಹಾಡಿದ್ದು ಕರಾಚಿಯ ಹುಡುಗಿ. ಮಾಡಿಸಿದವರು, ಮಾಡಿದವರು ನಮ್ಮೂರಿನವರೆಂದು ನನಗೆ ತಿಳಿಯುವಷ್ಟರಲ್ಲಿ ಎಷ್ಟೋ ವರ್ಷ ಕಳೆದಿತ್ತು. ನನ್ನ ಹಾಗೆ ತಡವಾಗಿ ತಿಳಿದವರು, ಇನ್ನೂ ತಿಳಿಯದವರು ಇಲ್ಲಿ ಇರಬಹುದು. ಅದಕ್ಕಾಗಿ ಇದನ್ನು ಮೊದಲು ಹೇಳಿದೆ.

ಬಿದ್ದು ಅವರ ಕಥೆಯನ್ನು ಸ್ವಲ್ಪ ಹೇಳಬೇಕು. ಹುಡುಗನಾಗಿದ್ದಾಗ ರೇಡಿಯೋ ಸಿಲೋನ್‌ನಲ್ಲಿ ಬರುತ್ತಿದ್ದ ಇಂಗ್ಲಿಷ್ ಹಾಡುಗಳಿಗೆ ಕಿವಿಗೊಟ್ಟು, ಗಿಟಾರ್ ಹಿಡಿದು, ಬೆಂಗಳೂರಿನಲ್ಲಿ ಗೆಳೆಯರ ಜೊತೆ 'ಟ್ರೋಜನ್ಸ್' ಎಂಬ ತಂಡ ಕಟ್ಟಿದರು. ಕಲ್ಕತ್ತಾದ ಟ್ರಿಂಕಾಸ್‌ನಲ್ಲಿ ನುಡಿಸಿದರು. ತಂಡ ಒಡೆದಾಗ 'ಲೋನ್ ಟ್ರೋಜನ್', ಅಂದರೆ ಒಂಟಿ ಟ್ರೋಜನ್, ಎಂದು ಹೆಸರಿಟ್ಟುಕೊಂಡು ಒಬ್ಬರೇ ಹಾಡಿದರು. 60ರ ದಶಕ ಮುಗಿಯುವ ಮುನ್ನವೇ ಅರಬ್ ದೇಶಗಳ ದಾರಿ ಹಿಡಿದು ಲಂಡನ್ ಸೇರಿದರು. ಅಲ್ಲಿ ಹೊಟ್ಟೆಪಾಡಿಗೆ ಅಡುಗೆ ಕೆಲಸವನ್ನೂ ಮಾಡಿದರು. 1974ರಲ್ಲಿ ಕಾರ್ಲ್ ಡಗ್ಲಸ್ ಎಂಬ ಗಾಯಕನ ರೆಕಾರ್ಡಿಗೆ ಒಂದು ಮುಖ್ಯ ಹಾಡು ಮುದ್ರಿಸಿದ ಮೇಲೆ ಹಿಂಬದಿಗೆ ಏನಾದರೂ ಬೇಕಲ್ಲ ಎಂದು, ಸ್ಟುಡಿಯೋದ ಹೊತ್ತು ಮುಗಿಯುವ ಕೊನೆಯ ಗಳಿಗೆಯಲ್ಲಿ, ಎರಡೇ ಸಲದಲ್ಲಿ ಇನ್ನೊಂದು ಹಾಡನ್ನು ಮುದ್ರಿಸಿದರು. ಅದು 'ಕುಂಗ್ ಫೂ ಫೈಟಿಂಗ್'. ಬ್ರಿಟನ್ನಿನಲ್ಲೂ ಅಮೆರಿಕದಲ್ಲೂ ಮೊದಲ ಸ್ಥಾನಕ್ಕೇರಿತು. 1976ರಲ್ಲಿ ಟೀನಾ ಚಾರ್ಲ್ಸ್ ಹಾಡಿದ 'ಐ ಲವ್ ಟು ಲವ್' ಮತ್ತೆ ಬ್ರಿಟನ್ನಿನಲ್ಲಿ ಮೊದಲ ಸ್ಥಾನ ಪಡೆಯಿತು. ಹಾಗಾಗಿ ಫಿರೋಜ್ ಖಾನ್ ಲಂಡನ್ನಿನಲ್ಲಿ ಒಂದು ಔತಣದಲ್ಲಿ ನಾಜಿಯಾಳನ್ನು ಕಂಡು, ಅವಳನ್ನು ಬಿದ್ದು ಅವರ ಬಳಿಗೆ ಕಳಿಸುವಾಗ, ಯಾರ ಬಳಿಗೆ ಕಳಿಸುತ್ತಿದ್ದೇನೆಂದು ಅವರಿಗೆ ಚೆನ್ನಾಗಿ ಗೊತ್ತಿತ್ತು.

ಇನ್ನು ನಮ್ಮ ಕಡೆಯ ಮಾತು.

ನಾನು 1982ರಲ್ಲಿ ಇಲ್ಲಿಗೆ ಕೆಲಸಕ್ಕೆ ಸೇರಿದೆ. ಈ ಜಾಗ ಆಗ ಹೇಗಿತ್ತೆಂದು ಇಲ್ಲಿರುವ ಕೋನಪ್ಪನ ಅಗ್ರಹಾರದ ಹಿರಿಯರಿಗೆ ನಾನು ಹೇಳಬೇಕಿಲ್ಲ. ರಾಜ್ಯ ಸರ್ಕಾರದ ಕಿಯೋನಿಕ್ಸ್ ಸಂಸ್ಥೆ, ಅದರ ಮುಖ್ಯಸ್ಥರಾಗಿದ್ದ ಆರ್.ಕೆ. ಬಾಳಿಗ ಅವರ ಕನಸಿನಂತೆ, 1978ರಲ್ಲಿ ಕೋನಪ್ಪನ ಅಗ್ರಹಾರ, ದೊಡ್ಡತೋಗೂರುಗಳ 332 ಎಕರೆಯಲ್ಲಿ ಎಲೆಕ್ಟ್ರಾನಿಕ್ ಸಿಟಿಯನ್ನು ಶುರು ಮಾಡಿತ್ತು. ಅಲ್ಲೊಂದು ಇಲ್ಲೊಂದು ಕಟ್ಟಡ, ನಡುವೆ ರಾಗಿ ಹೊಲ, ಸಂಜೆ ಆರಕ್ಕೆ ಕತ್ತಲು. ಗಾಜಿನ ಗೋಪುರಗಳು ಆಮೇಲಿನ ಮಾತು. ಆಗ ಇಲ್ಲಿ ಬೇಕಾಗಿದ್ದುದು ಕೈಗಳು, ಅದರಲ್ಲೂ ಹೆಂಗಸರ ಕೈಗಳು. ಸಣ್ಣ ಬಿಡಿಭಾಗಗಳನ್ನು ಬೋರ್ಡಿನ ತೂತಿಗೆ ಕೂರಿಸಿ, ತಿರುವಿ, ಸೋಲ್ಡರ್ ಮಾಡಿ, ಉಳಿದ ಕಾಲು ಕತ್ತರಿಸುವ ಕೆಲಸ. ನಾವು ಆರು ಜನ ಹುಡುಗಿಯರು ಬೊಮ್ಮನಹಳ್ಳಿಯಲ್ಲಿ ಒಂದೇ ಕೋಣೆ ಬಾಡಿಗೆಗೆ ಹಿಡಿದಿದ್ದೆವು. ಚಳ್ಳಕೆರೆಯವಳು, ಮಾಲೂರಿನವಳು, ಇಬ್ಬರು ಕನಕಪುರದವರು, ಕೃಷ್ಣಗಿರಿ ಕಡೆಯ ತೆಲುಗು ಮನೆಮಾತಿನ ಒಬ್ಬಳು, ನಾನು. ಮಾಲೂರಿನವಳ ಅಣ್ಣ ಒಂದು ಟೇಪ್ ರೆಕಾರ್ಡರ್ ಕೊಟ್ಟಿದ್ದ. ಅದಕ್ಕಿದ್ದುದು ಮೂರು ಕ್ಯಾಸೆಟ್. ರಾಜ್‌ಕುಮಾರ್ ಭಕ್ತಿಗೀತೆಗಳದ್ದು ಒಂದು, ಇಳಯರಾಜ ಸಂಗೀತದ 'ಗೀತಾ' ಒಂದು. ಮೂರನೆಯದು ಯಾರೋ ತುಂಬಿಸಿಕೊಟ್ಟದ್ದು, ಮೇಲೆ ಪೆನ್ನಿನಲ್ಲಿ 'ಡಿಸ್ಕೋ' ಎಂದು ಬರೆದಿತ್ತು. ಅದರ ಮೊದಲ ಹಾಡು ನಾಜಿಯಾಳದ್ದು.

ನಾನು ಮೊದಲೇ ಒಂದು ವಿಷಯ ಹೇಳಬೇಕು. ಚಿಕ್ಕಂದಿನಲ್ಲಿ ನಮ್ಮೂರಲ್ಲಿ ಮೂರು ವರ್ಷ ಸಂಗೀತ ಪಾಠಕ್ಕೆ ಹೋಗಿದ್ದೆ. ಸರಳೆ, ಜಂಟಿ, ಗೀತೆಗಳಾಗಿ ವರ್ಣಕ್ಕೆ ಬರುವ ಹೊತ್ತಿಗೆ ಮೇಷ್ಟ್ರು ಅಪ್ಪನನ್ನು ಕರೆಸಿ, "ತಾಳಜ್ಞಾನ ಇದೆ, ಶಾರೀರ ಇಲ್ಲ. ಹೆಣ್ಣುಮಗಳ ದನಿ ಇಷ್ಟು ಕೆಳಗಿದ್ದರೆ ಆಗದು" ಎಂದರು. ಪಾಠ ನಿಂತಿತು. ಅವರು ಕೆಟ್ಟವರಲ್ಲ. ಆ ಕಾಲದ ಕಿವಿ ಹಾಗಿತ್ತು. ಹೆಣ್ಣಿನ ಹಾಡು ಎಂದರೆ ಲತಾ, ಇಲ್ಲಿ ಸುಶೀಲಾ, ಜಾನಕಿ. ಮೇಲಕ್ಕೆ ಏರಿದಷ್ಟೂ ಎಳೆ ಸಣ್ಣಗಾಗುವ, ಒಂದು ಚೂರೂ ಒಡೆಯದ ದನಿ. ಆ ದನಿಗಳ ಮುಂದೆ ಈಗಲೂ ತಲೆಬಾಗುತ್ತೇನೆ. ಆದರೆ ಅವರ ಜೊತೆ ಗುನುಗಲು ಹೋದರೆ ನನ್ನ ಗಂಟಲು ಅರ್ಧ ದಾರಿಯಲ್ಲಿ ನಿಲ್ಲುತ್ತಿತ್ತು.

ನಾಜಿಯಾ ಹಾಡಿದ್ದು ಕೆಳಗೆ, ಮಾತಾಡುವ ಎತ್ತರದಲ್ಲಿ. ಗಮಕವಿಲ್ಲ, ಬಿರ್ಕಾ ಇಲ್ಲ. ಮೂಗಿನ ಸ್ವಲ್ಪ ಛಾಯೆ ಇರುವ, ಶಾಲೆಯ ಹುಡುಗಿಯ ದನಿ. ಅವತ್ತು ಕೋಣೆಯಲ್ಲಿ ಅನ್ನಕ್ಕೆ ಅಕ್ಕಿ ತೊಳೆಯುತ್ತಾ ನಾನು ಅವಳ ಜೊತೆ ಹಾಡಿದೆ, ಕೊನೆಯವರೆಗೂ. ಹಿಂದಿ ಅರ್ಧಂಬರ್ಧ, ಶ್ರುತಿ ಮಾತ್ರ ಪೂರ್ತಿ. ನನ್ನ ಗಂಟಲಿಗೂ ಒಂದು ಹಾಡು ಇದೆ ಎಂದು ಗೊತ್ತಾದ ಸಂಜೆ ಅದು.

ಅಂಥ ಸಣ್ಣ ದನಿ ಇಡೀ ದೇಶದ ಕಿವಿ ತುಂಬಿದ್ದು ಹೇಗೆ ಎಂಬುದೇ ಇವತ್ತು ನಾನು ಹೇಳಲು ಬಂದ ಮುಖ್ಯ ಸಂಗತಿ. ಇದನ್ನು ಸಂಗೀತ ವಿಮರ್ಶಕರಿಗಿಂತ ನಿಮ್ಮಂಥ, ಕೈಗೆ ಬೆಸುಗೆಯ ಬಿಸಿ ತಾಗಿದ ಜನ ಬೇಗ ಹಿಡಿಯುತ್ತೀರಿ.

ಆ ಕಾಲದಲ್ಲಿ ನಮ್ಮ ದೇಶದ ಸ್ಟುಡಿಯೋಗಳಲ್ಲಿ ಸಿನಿಮಾ ಹಾಡು ಎಂದರೆ ಗಾಯಕರು, ಐವತ್ತು ಅರವತ್ತು ವಾದ್ಯಗಾರರು, ಎಲ್ಲರೂ ಒಟ್ಟಿಗೆ ಕೂತು ಒಂದೇ ಉಸಿರಿಗೆ ಮುಗಿಸುವುದು. ಕೊನೆಯ ಸಾಲಿನ ಪಿಟೀಲಿನವರು ತಪ್ಪಿದರೆ ಎಲ್ಲರೂ ಮೊದಲಿಂದ. ಅಲ್ಲಿ ದನಿಗೆ ತಾಕತ್ತು ಇರಲೇಬೇಕು, ವಾದ್ಯಗಳ ಹೊಳೆಯನ್ನು ಅದು ಈಜಿ ದಾಟಬೇಕು. 'ಆಪ್ ಜೈಸಾ ಕೋಯಿ' ಮುದ್ರಣಗೊಂಡಿದ್ದು ಲಂಡನ್ನಿನಲ್ಲಿ, 24 ಟ್ರ್ಯಾಕಿನ ಯಂತ್ರದಲ್ಲಿ. ಹಾಗೆ ಮುದ್ರಣಗೊಂಡ ಮೊದಲ ಹಿಂದಿ ಚಿತ್ರಗೀತೆ ಇದೇ ಎನ್ನುತ್ತಾರೆ. ಎರಡಂಗುಲ ಅಗಲದ ಟೇಪು, ಅದರ ಉದ್ದಕ್ಕೂ 24 ಸಮಾನಾಂತರ ಗೆರೆ. ಡ್ರಮ್ಮಿಗೆ ಕೆಲವು, ಬಾಸ್ ಗಿಟಾರಿಗೆ ಒಂದು, ಹೀಗೆ ಒಂದೊಂದನ್ನೂ ಬೇರೆ ಬೇರೆ ದಿನ, ಬೇರೆ ಬೇರೆ ಹೊತ್ತಿನಲ್ಲಿ ತುಂಬಬಹುದು. ಬೋರ್ಡಿನ ಮೇಲೆ ಒಬ್ಬರು ರೆಸಿಸ್ಟರ್ ಕೂರಿಸಿ, ಮುಂದಿನವರು ಕೆಪಾಸಿಟರ್ ಕೂರಿಸಿ ಸಾಗಿಸುತ್ತಿದ್ದೆವಲ್ಲ, ಹಾಗೆ.

ಈಗ ಆ ಹಾಡಿನ ದನಿಗೆ ಕಿವಿಗೊಡಿ. ಅಲ್ಲಿ ಒಬ್ಬ ನಾಜಿಯಾ ಇಲ್ಲ, ಇಬ್ಬರು ಇದ್ದಾರೆ. ಅವಳದೇ ದನಿಯ ಮೇಲೆ ಅವಳದೇ ದನಿ. ಇದನ್ನು ಮಾಡುವ ಕ್ರಮ ಹೀಗೆ: ಗಾಯಕಿ ಒಮ್ಮೆ ಹಾಡುತ್ತಾಳೆ. ಆಮೇಲೆ ಕಿವಿಗೆ ಹೆಡ್‌ಫೋನ್ ಇಟ್ಟು, ತಾನು ಹಾಡಿದ್ದನ್ನೇ ಕೇಳುತ್ತಾ, ಇನ್ನೊಂದು ಗೆರೆಯ ಮೇಲೆ ಅದನ್ನೇ ಮತ್ತೆ ಹಾಡುತ್ತಾಳೆ. ಮೊದಲನೆಯದನ್ನೇ ನಕಲು ಮಾಡಿ ಅದರ ಮೇಲೆಯೇ ಕೂಡಿಸಿದರೆ ದನಿ ಬರೀ ಜೋರಾಗುತ್ತದೆ, ದಪ್ಪವಾಗುವುದಿಲ್ಲ. ದಪ್ಪವಾಗಬೇಕಾದರೆ ಮನುಷ್ಯಳೇ ಎರಡನೇ ಸಲ ಹಾಡಬೇಕು. ಯಾಕೆಂದರೆ ಎರಡನೇ ಸಲ ಕೂದಲೆಳೆಯಷ್ಟು ಹಿಂದೆಯೋ ಮುಂದೆಯೋ ಆಗುತ್ತದೆ, ಶ್ರುತಿ ಒಂದು ಚೂರು ಆಚೆ ಈಚೆ ಸರಿಯುತ್ತದೆ. ಆ ವ್ಯತ್ಯಾಸದಲ್ಲೇ ಮೈ ಇರುವುದು. 'ಮಷೀನ್ ಮ್ಯೂಸಿಕ್' ಎಂದು ನಾವು ಹೀಗಳೆದ ಹಾಡಿನ ಗುಟ್ಟು, ಒಬ್ಬ ಹುಡುಗಿ ಒಂದೇ ಮಾತನ್ನು ಎರಡು ಸಲ ಅಷ್ಟೇ ಶ್ರದ್ಧೆಯಿಂದ ಹಾಡಿದ್ದು. ದಿನಕ್ಕೆ ನೂರಾರು ಬೋರ್ಡುಗಳಲ್ಲಿ ಒಂದೇ ಬೆಸುಗೆ ಹಾಕಿದವಳಿಗೆ ಇದರಲ್ಲಿ ಎಷ್ಟು ಮನುಷ್ಯತನ ಇದೆಯೆಂದು ಯಾರೂ ತಿಳಿಸಿಕೊಡಬೇಕಿಲ್ಲ.

ಯಂತ್ರದ ನಾದದ ಬಗೆಗೂ ಇದೇ ಮಾತು. ನಮ್ಮ ತರಬೇತಿಯ ಮೊದಲ ವಾರ 555 ಐ.ಸಿ.ಯಿಂದ ಸದ್ದು ಹೊರಡಿಸುವ ಪಾಠ ಇತ್ತು. ಎರಡು ರೆಸಿಸ್ಟರ್, ಒಂದು ಕೆಪಾಸಿಟರ್. ಕೆಪಾಸಿಟರ್ ಮೂರನೇ ಎರಡರಷ್ಟು ವೋಲ್ಟೇಜಿಗೆ ತುಂಬುತ್ತದೆ, ಮೂರನೇ ಒಂದರಷ್ಟಕ್ಕೆ ಇಳಿಯುತ್ತದೆ, ಮತ್ತೆ ತುಂಬುತ್ತದೆ. ಸೆಕೆಂಡಿಗೆ ನಾನ್ನೂರು ಸಲ ಹೀಗೆ ಮಾಡಿದರೆ ಸ್ಪೀಕರಿನಲ್ಲಿ 'ಕುಂಯ್' ಎಂದು ಒಂದು ಸ್ವರ. ರೆಸಿಸ್ಟರಿನ ಬದಲು ತಿರುಗಿಸುವ ಪಾಟ್ ಹಾಕಿದರೆ ಸ್ವರ ಏರುತ್ತದೆ, ಇಳಿಯುತ್ತದೆ. ಸಿಂಥಸೈಜರಿನ ಬೀಜ ಇಷ್ಟೇ. ರಾಬರ್ಟ್ ಮೂಗ್ ಎಂಬ ಅಮೆರಿಕದ ಎಂಜಿನಿಯರ್ 1964ರ ಹೊತ್ತಿಗೆ ಮಾಡಿದ್ದು ಈ ಅಲುಗಾಟಕ್ಕೆ ಎರಡು ಕಡಿವಾಣ ಹಾಕಿದ್ದು. ಸ್ವರದ ಚೂಪನ್ನು ಸೋಸುವ ಫಿಲ್ಟರ್ ಒಂದು. ಸ್ವರ ಎಷ್ಟು ಬೇಗ ಏಳಬೇಕು, ಎಷ್ಟು ನಿಧಾನ ಸಾಯಬೇಕು ಎಂದು ಹೇಳುವ ಏರ್ಪಾಡು ಇನ್ನೊಂದು. ಗುಂಡಿಯನ್ನು ತಿರುಗಿಸುವ ಬೆರಳಿಗೆ ಹದ ಗೊತ್ತಿಲ್ಲದಿದ್ದರೆ ಆ ಯಂತ್ರ ಬರೀ ಕಿರುಚುತ್ತದೆ. ಕೊಳಲಿಗೆ ಉಸಿರಿನ ಹದ ಇರುವ ಹಾಗೆ ಇದಕ್ಕೆ ಬೆರಳಿನ ಹದ.

ನಾಜಿಯಾಳಿಗೆ ಆ ಹಾಡಿಗಾಗಿ 1981ರಲ್ಲಿ ಫಿಲ್ಮ್‌ಫೇರ್ ಅತ್ಯುತ್ತಮ ಹಿನ್ನೆಲೆ ಗಾಯಕಿ ಪ್ರಶಸ್ತಿ ಬಂತು. ಅಷ್ಟು ಚಿಕ್ಕ ವಯಸ್ಸಿನವರಿಗೆ ಅದು ಹಿಂದೆ ಬಂದಿರಲಿಲ್ಲ. ಅದೇ ವರ್ಷ ತಮ್ಮ ಜೊಹೇಬ್ ಜೊತೆ, ಬಿದ್ದು ಅವರ ನಿರ್ಮಾಣದಲ್ಲಿ 'ಡಿಸ್ಕೋ ದೀವಾನೆ' ಹೊರಬಂತು. ಸಿನಿಮಾದ ಹಂಗಿಲ್ಲದೆ ಬರೀ ಹಾಡುಗಳ ಸಂಪುಟವೊಂದು ಗಡಿಯ ಎರಡೂ ಕಡೆ ಹಾಗೆ ಹಬ್ಬಬಹುದೆಂದು ಅದಕ್ಕೆ ಮುಂಚೆ ಯಾರೂ ನಂಬುತ್ತಿರಲಿಲ್ಲ. 1982ರ 'ಬೂಮ್ ಬೂಮ್' ಬರುವಾಗ ಸಿಂಥಸೈಜರ್ ಮುಂದಕ್ಕೆ ಬಂದು ನಿಂತಿತ್ತು. ಅದರ ಹಾಡುಗಳನ್ನು ಬಳಸಿದ 'ಸ್ಟಾರ್' ಚಿತ್ರ ಸೋತಿತು, ಹಾಡು ಉಳಿಯಿತು. ನನ್ನ ಕಿವಿಗೆ ಅದೇ ಮೂರರಲ್ಲಿ ಹೆಚ್ಚು ಧೈರ್ಯದ ಹಾಡು. ನಾಜಿಯಾ 2000ದ ಆಗಸ್ಟ್‌ನಲ್ಲಿ ಲಂಡನ್ನಿನಲ್ಲಿ ಕ್ಯಾನ್ಸರಿನಿಂದ ತೀರಿಕೊಂಡಳು. 35 ವರ್ಷ.

ಅದೇ 1982ರಲ್ಲಿ ಮುಂಬಯಿಯ ಸಿನಿಮಾ ವಾದ್ಯಗಾರ ಚರಣ್‌ಜಿತ್ ಸಿಂಗ್ ಮೂರು ರೋಲ್ಯಾಂಡ್ ಯಂತ್ರಗಳನ್ನು ಮುಂದಿಟ್ಟುಕೊಂಡು ಹತ್ತು ರಾಗಗಳನ್ನು ಡಿಸ್ಕೋ ತಾಳಕ್ಕೆ ನುಡಿಸಿ ಒಂದು ರೆಕಾರ್ಡ್ ತಂದರು. ಯಾರೂ ಕೊಳ್ಳಲಿಲ್ಲ. 2010ರಲ್ಲಿ ಅದು ಯುರೋಪಿನಲ್ಲಿ ಮರುಮುದ್ರಣವಾದಾಗ, ಷಿಕಾಗೋದವರು ಐದು ವರ್ಷ ಆಮೇಲೆ ಕಂಡುಕೊಂಡ ನಾದ ಇಲ್ಲಿ ಆಗಲೇ ಇದೆಯಲ್ಲ ಎಂದು ಲೋಕ ಬೆರಗಾಯಿತು. ಚರಣ್‌ಜಿತ್ ಅವರಿಗೆ ಸಿಗದ ಕೇಳುಗರು ನಾಜಿಯಾಳಿಗೆ ಸಿಕ್ಕಿದ್ದೇಕೆ? ಅವಳ ಹಾಡಿನಲ್ಲಿ ನಾವು ಸೇರಿಕೊಳ್ಳಲು ಒಂದು ದನಿ ಇತ್ತು ಎಂದೇ ನನ್ನ ಉತ್ತರ.

ಕನ್ನಡಕ್ಕೆ ಈ ನಾದ ಲಂಡನ್ನಿನಿಂದ ಬರಲಿಲ್ಲ, ವಾದ್ಯಗೋಷ್ಠಿಗಳಿಂದ ಬಂತು. ಪೀಣ್ಯದ, ಬೊಮ್ಮಸಂದ್ರದ, ವೈಟ್‌ಫೀಲ್ಡ್ ದಾರಿಯ ಕಾರ್ಖಾನೆಗಳಲ್ಲಿ ನವೆಂಬರ್ ಎಂದರೆ ಗೇಟಿನ ಮುಂದೆ ಬಾವುಟ, ಶಾಮಿಯಾನ, ಸಂಜೆ ವಾದ್ಯಗೋಷ್ಠಿ. 80ರ ದಶಕದ ನಡುವಿನ ಹೊತ್ತಿಗೆ ಹಾರ್ಮೋನಿಯಂ, ಅಕಾರ್ಡಿಯನ್ ಪಕ್ಕದಲ್ಲಿ ಒಂದು ಕೀಬೋರ್ಡು ಬಂದು ಕೂತಿತು. ಯಾವ ಕಂಪನಿಯದ್ದಾದರೂ ಜನ ಅದನ್ನು ಕ್ಯಾಸಿಯೊ ಎನ್ನುತ್ತಿದ್ದರು. ಹಗಲು ಲೇತ್ ಮೇಲೆ ನಿಂತ ಟರ್ನರ್ ರಾತ್ರಿ ಕ್ಯಾಸಿಯೊ ನುಡಿಸುತ್ತಿದ್ದುದನ್ನು ನಾನು ಕಂಡಿದ್ದೇನೆ. ಇಡೀ ಪಿಟೀಲು ತಂಡಕ್ಕೆ ಕೊಡುವ ದುಡ್ಡು ಕಾರ್ಮಿಕ ಸಂಘದ ಬಳಿ ಇರಲಿಲ್ಲ, ಹತ್ತು ಬೆರಳಿಗೆ ಕೊಡುವಷ್ಟು ಇತ್ತು. ಕೆಟ್ಟ ವೈರು, ಸುಟ್ಟ ಆಂಪ್ಲಿಫೈಯರ್ ಎಲ್ಲ ಎಸ್.ಪಿ. ರಸ್ತೆಯ ಬಿಡಿಭಾಗಗಳಲ್ಲಿ ಮತ್ತೆ ಜೀವ ಪಡೆಯುತ್ತಿದ್ದವು. ಶಂಕರ್ ನಾಗ್ ಅವರು ಬೆಂಗಳೂರಿನಲ್ಲೇ ಸಂಕೇತ್ ಧ್ವನಿಮುದ್ರಣ ಸ್ಟುಡಿಯೋ ಕಟ್ಟಿದ್ದೂ ಆ ದಶಕದಲ್ಲೇ. ಅದುವರೆಗೆ ನಮ್ಮ ಹೆಚ್ಚಿನ ಹಾಡುಗಳು ಹುಟ್ಟಲು ಮದರಾಸಿಗೆ ಹೋಗಬೇಕಿತ್ತು.

ಆಮೇಲೆ 1987, 'ಪ್ರೇಮಲೋಕ'. ರವಿಚಂದ್ರನ್ ಅವರ ಚಿತ್ರ, ಹಂಸಲೇಖ ಅವರ ಸಾಹಿತ್ಯ, ಸಂಗೀತ. ಅದರ ಮೂಲಕಥೆಗೆ ಅಮೆರಿಕದ 'ಗ್ರೀಸ್ 2'ರ ಪ್ರೇರಣೆ ಇದೆ ಎಂಬುದು ಎಲ್ಲರಿಗೂ ಗೊತ್ತು. ನನಗೆ ಮುಖ್ಯವಾದದ್ದು ಬೇರೆ. ಅಲ್ಲಿ ಕಾಲೇಜು ಹುಡುಗ ಹುಡುಗಿಯರು ಜಗಳವನ್ನೂ ಕೀಟಲೆಯನ್ನೂ ಹಾಡಿನಲ್ಲೇ ಮಾಡುತ್ತಾರೆ. ಬಸ್ ಸ್ಟಾಪಿನ ಕನ್ನಡ, ಕ್ಯಾಂಟೀನಿನ ಕನ್ನಡ. ಕಾವ್ಯದ ಪದಕ್ಕಾಗಿ ಮಾತನ್ನು ಬಗ್ಗಿಸಿಲ್ಲ. ಅದನ್ನು ಹೊತ್ತು ನಡೆದದ್ದು ಕೀಬೋರ್ಡಿನ, ಡ್ರಮ್ಮಿನ ಸಮನಡೆಯ ತಾಳ. ಹಾಡಿದವರು ಎಸ್.ಪಿ. ಬಾಲಸುಬ್ರಹ್ಮಣ್ಯಂ, ಎಸ್. ಜಾನಕಿ ಅವರಂಥ ಪಳಗಿದವರು, ನಿಜ. ಆದರೆ ಹಾಡಿಸಿಕೊಂಡದ್ದು ನಮ್ಮ ಮಾತು. ಹಿಂದಿಯಲ್ಲಿ ಬಿದ್ದು ಸಾಮಾನ್ಯ ದನಿಗೆ ಜಾಗ ಮಾಡಿಕೊಟ್ಟರು, ಕನ್ನಡದಲ್ಲಿ ಹಂಸಲೇಖ ಸಾಮಾನ್ಯ ಮಾತಿಗೆ. ಇಬ್ಬರಿಗೂ ಯಂತ್ರದ ತಾಳ ಒದಗಿಬಂತು.

ಇದನ್ನು ಒಪ್ಪದವರು ಇದ್ದಾರೆ. ಒಂದು ಕೀಬೋರ್ಡು ಬಂದು ಹತ್ತು ಪಿಟೀಲುಗಾರರ, ಆರು ತಬಲದವರ ಅನ್ನ ಕಸಿಯಿತು ಎನ್ನುತ್ತಾರೆ. ಅದು ಸುಳ್ಳಲ್ಲ. ಯಂತ್ರ ಬಂದಾಗ ಯಾರ ಕೈ ಖಾಲಿಯಾಗುತ್ತದೆ ಎಂಬ ಪ್ರಶ್ನೆ ಈ ಸಭೆಯಲ್ಲಿ ಕೂತಿರುವ ಯಾರಿಗೂ ಹೊಸದಲ್ಲ. ನಮ್ಮ ಸೋಲ್ಡರಿಂಗ್ ಸಾಲಿನ ಹುಡುಗಿಯರ ಜಾಗಕ್ಕೂ ಬಿಡಿಭಾಗ ತಾನೇ ಕೂರಿಸುವ ಯಂತ್ರ ಬಂತು, ನನ್ನನ್ನೂ ಸೇರಿಸಿ ಎಷ್ಟೋ ಮಂದಿ ಹೊರಬಿದ್ದೆವು. ಆ ನೋವನ್ನು ಹಾಡಿನ ಸಂತೋಷದ ಕೆಳಗೆ ಮುಚ್ಚಿಡಲು ನಾನು ಬಂದಿಲ್ಲ. ಎರಡೂ ನನ್ನ ಬದುಕಿನಲ್ಲಿ ಒಟ್ಟಿಗೇ ಇವೆ.

ಕೃಷ್ಣಗಿರಿ ಕಡೆಯವಳು ಈಗ ಅಜ್ಜಿ. ಹೋದ ತಿಂಗಳು ಫೋನು ಮಾಡಿದಾಗ ಮೊಮ್ಮಗಳು ಶಾಲೆಯ ವಾರ್ಷಿಕೋತ್ಸವಕ್ಕೆ 'ಡಿಸ್ಕೋ ದೀವಾನೆ'ಗೆ ಕುಣಿಯುತ್ತಿದ್ದಾಳೆ ಎಂದಳು, 2012ರ ಹೊಸ ರೂಪಕ್ಕೆ. "ನಮ್ಮದು ಹಾಕ್ಸು ಅಂದೆ ಕಣೆ, ಅದು ಹಳೇದಂತೆ" ಎಂದು ಬೇಜಾರು ಮಾಡಿಕೊಂಡಳು. ಆಮೇಲೆ ಫೋನಿನಲ್ಲೇ ಹಾಡಿದಳು. ನಾನೂ ಸೇರಿಕೊಂಡೆ.

ನಮ್ಮ ಧ್ವನಿವರ್ಧಕದ ತಮ್ಮನಿಗೆ ಮೂಲದ ಹಾಡನ್ನು ತಂದುಕೊಟ್ಟಿದ್ದೇನೆ. ಈಗ ಹಾಕುತ್ತಾನೆ. ಮೊದಲ ಸಲ ಡ್ರಮ್ಮು, ಬಾಸ್ ಗಿಟಾರು ಕೇಳಿ. ಎರಡನೇ ಸಲ ಹಾಕಿದಾಗ ದನಿಯನ್ನಷ್ಟೇ ಹಿಡಿದುಕೊಳ್ಳಿ. ಒಂದು ಮಾತಿನ ಕೊನೆಯ ಅಕ್ಷರದಲ್ಲಿ ಒಬ್ಬಳು ನಿಲ್ಲಿಸಿದ ಮೇಲೂ ಇನ್ನೊಬ್ಬಳ ಉಸಿರು ಚೂರು ಉಳಿಯುತ್ತದೆ.